ಫೋನ್ ಕಳೆದರೆ ಏನ್ ಮಾಡ್ತೀರಿ?

ಟೂ-ಫ್ಯಾಕ್ಟರ್, ಅಂದರೆ ಲಾಗಿನ್ ಆಗಲು ಪಾಸ್‌ವರ್ಡ್ ಜೊತೆ ಇನ್ನೊಂದು ಪುರಾವೆಯನ್ನೂ ಕೇಳುವ ವ್ಯವಸ್ಥೆ, ಆನ್ ಮಾಡ್ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತೇ. ಪಾಸ್‌ವರ್ಡ್ ಒಂದನ್ನೇ ನಂಬಿಕೊಂಡು ಕೂರುವ ಕಾಲ ಹೋಯಿತು. ಆದರೆ ಹೀಗೆ ಬುದ್ಧಿ ಹೇಳುವವರು ಆನ್ ಮಾಡಿಸಿ ಎದ್ದು ಹೋಗುತ್ತಾರೆ. ನಾಳೆ ಆ ಫೋನ್ ಕಳೆದರೆ, ನೀರಿಗೆ ಬಿದ್ದರೆ ಏನು ಗತಿ ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಕಳ್ಳರ ಕೈಗೆ ಖಾತೆ ಹೋದವರು ಒಂದು ಕಡೆ ಇರಲಿ, ತಾವೇ ಹಾಕಿದ ಬೀಗದ ಕೀಲಿ ಕಳಕೊಂಡು ಹೊರಗೆ ನಿಂತವರೂ ಇದ್ದಾರೆ.

ಆ ಎರಡನೇ ಪುರಾವೆಯಾಗಿ ಫೋನ್‌ನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪ್ ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಖಾತೆ ಸೇರಿಸುವಾಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೀರಲ್ಲ, ಅದರಲ್ಲಿ ಒಂದು ಗುಟ್ಟಿನ ಅಕ್ಷರಗಳ ಸಾಲು ಇರುತ್ತದೆ. ಅದು ಕಂಪನಿಯ ಸರ್ವರ್‌ನಲ್ಲೂ ಇರುತ್ತದೆ, ನಿಮ್ಮ ಫೋನ್‌ನಲ್ಲೂ ಇರುತ್ತದೆ. ಆ ಗುಟ್ಟಿಗೆ ಆಗಿನ ಸಮಯ ಸೇರಿಸಿ ಎರಡೂ ಕಡೆ ಒಂದೇ ಲೆಕ್ಕ ಹಾಕುತ್ತಾರೆ. ಬರುವುದೇ ಆ ಆರಂಕಿಯ ಕೋಡ್, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. 2011ರಲ್ಲಿ ಆರ್‌ಎಫ್‌ಸಿ 6238 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಪ್ರಕಟವಾದ ಪದ್ಧತಿ ಇದು. ಇಂಟರ್ನೆಟ್ ಬೇಡ, ಸಿಗ್ನಲ್ಲೂ ಬೇಡ. ಗಡಿಯಾರ ಮಾತ್ರ ಸರಿ ಇರಬೇಕು. ಕೋಡ್ ಸರಿಯಾಗಿ ಹಾಕಿದರೂ ತಪ್ಪು ತಪ್ಪು ಅಂತ ಬರುತ್ತಿದ್ದರೆ, ಫೋನ್‌ನ ಟೈಮ್ ಆಟೋಮ್ಯಾಟಿಕ್‌ನಲ್ಲಿ ಇದೆಯಾ ಅಂತ ಮೊದಲು ನೋಡಿ.

ಹೊಸ ಫೋನ್ ಕೊಂಡವರು ಎಡವುವುದು ಇಲ್ಲೇ. ಸಿಮ್ ತೆಗೆದು ಹೊಸದಕ್ಕೆ ಹಾಕುತ್ತಾರೆ, ಆ್ಯಪ್ ಇನ್‌ಸ್ಟಾಲ್ ಮಾಡುತ್ತಾರೆ, ತೆರೆದರೆ ಖಾಲಿ! ಗುಟ್ಟು ಸಿಮ್‌ನಲ್ಲಿ ಇರುವುದಿಲ್ಲ, ಹಳೇ ಫೋನ್‌ನ ಆ್ಯಪ್‌ನಲ್ಲಿ ಇರುತ್ತದೆ. ಆ ಫೋನನ್ನು ಅಷ್ಟರಲ್ಲಿ ರಿಸೆಟ್ ಹೊಡೆದು ಮಾರಿ ಆಗಿರುತ್ತದೆ. ಗೂಗಲ್‌ನ ಆಥೆಂಟಿಕೇಟರ್‌ನಲ್ಲೇ ಈ ಗುಟ್ಟುಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡುವ, ಅಂದರೆ ಅಲ್ಲೂ ಒಂದು ಪ್ರತಿ ಉಳಿಸುವ ಅನುಕೂಲ ಬಂದದ್ದು 2023ರಲ್ಲಿ. ಸಿಂಕ್ ಇಲ್ಲದಿದ್ದರೆ ಎಲ್ಲ ಖಾತೆಗಳನ್ನೂ ಕೈಯಾರೆ ಸಾಗಿಸಬೇಕು, ಹೊಸದರಲ್ಲಿ ಲಾಗಿನ್ ಆಗುತ್ತದೆ ಅಂತ ಖಾತ್ರಿ ಆಗುವ ತನಕ ಹಳೇದನ್ನು ಮುಟ್ಟಬಾರದು.

ಇದಕ್ಕಿಂತ ಕಷ್ಟದ್ದು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುವುದು. ಇಮೇಲ್ ತೆರೆಯಲು ಫೋನ್‌ನಲ್ಲಿರುವ ಕೋಡ್ ಬೇಕು. ಆ ಕೋಡ್‌ಗಳ ಬ್ಯಾಕಪ್ ತೆರೆಯಲು ಅದೇ ಇಮೇಲ್ ಖಾತೆಗೆ ಲಾಗಿನ್ ಆಗಬೇಕು. ಪಾಸ್‌ವರ್ಡ್‌ಗಳನ್ನೆಲ್ಲ ಕೂಡಿಡುವ ಪಾಸ್‌ವರ್ಡ್ ಮ್ಯಾನೇಜರ್‌ಗೂ ಅದೇ ಫೋನ್‌ನ ಕೋಡ್ ಕೇಳುವ ಹಾಗೆ ಮಾಡಿಟ್ಟಿದ್ದರೆ ಮುಗಿಯಿತು, ಯಾವ ಕಡೆಯಿಂದಲೂ ದಾರಿ ಇಲ್ಲ. ಫೋನ್ ಕೈಯಲ್ಲಿ ಇರುವ ತನಕ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗಬೇಕಾದರೆ ಒಂದು ಪರೀಕ್ಷೆ ಮಾಡಿ. ಫೋನ್ ಪಕ್ಕದ ಕೋಣೆಯಲ್ಲಿಟ್ಟು, ಕಂಪ್ಯೂಟರ್‌ನಲ್ಲಿ ಹಳೇ ಲಾಗಿನ್ ನೆನಪಿರದ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿ ತೆರೆದು, ನಿಮ್ಮ ಮುಖ್ಯ ಇಮೇಲ್‌ಗೆ ಲಾಗಿನ್ ಆಗಲು ನೋಡಿ. ಐದು ನಿಮಿಷದಲ್ಲಿ ಎಲ್ಲ ಬಯಲಾಗುತ್ತದೆ.

ಇದಕ್ಕೆಂದೇ ಬ್ಯಾಕಪ್ ಕೋಡ್ ಕೊಡುತ್ತಾರೆ. ಗೂಗಲ್ ಒಂದು ಸಲಕ್ಕೆ ಹತ್ತು ಕೊಡುತ್ತದೆ, ಎಂಟೆಂಟು ಅಂಕಿಯವು, ಒಂದನ್ನು ಒಂದೇ ಸಲ ಬಳಸಬಹುದು. ಜನ ಏನು ಮಾಡುತ್ತಾರೆ? ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನ್‌ನ ಗ್ಯಾಲರಿಯಲ್ಲಿ ಇಡುತ್ತಾರೆ! ಫೋನ್ ಹೋದರೆ ಅದೂ ಹೋಯಿತು ಅಲ್ವಾ? ಕಾಗದದ ಮೇಲೆ ಬರೆದು ಮನೆಯ ದಾಖಲೆಪತ್ರಗಳ ಜೊತೆ ಇಡಿ. ಇದನ್ನು ಹಳೇ ಕಾಲದ ಬುದ್ಧಿ ಅಂತ ನಗುವವರಿದ್ದಾರೆ, ನಗಲಿ. ಎಲ್ಲೋ ದೂರದಲ್ಲಿ ಕೂತ ಹ್ಯಾಕರ್ ನಿಮ್ಮ ಬೀರುವಿಗೆ ಕೈ ಹಾಕಲಾರ.

ಎಸ್‌ಎಂಎಸ್ ಓಟಿಪಿ ಬಗ್ಗೆ ತಜ್ಞರು ಮೂಗು ಮುರಿಯುತ್ತಾರೆ. ಕಾರಣ ಇದೆ. ಮೊಬೈಲ್ ಕಂಪನಿಯವರನ್ನು ಯಾಮಾರಿಸಿ ನಿಮ್ಮ ನಂಬರನ್ನು ತಮ್ಮ ಸಿಮ್‌ಗೆ ತಿರುಗಿಸಿಕೊಂಡರೆ ಓಟಿಪಿ ಅವರಿಗೇ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಆಗಿನ ಮುಖ್ಯಸ್ಥ ಜ್ಯಾಕ್ ಡಾರ್ಸಿಯ ಖಾತೆಯಿಂದಲೇ ಕಿಡಿಗೇಡಿಗಳು ಟ್ವೀಟ್ ಮಾಡಿದ್ದು ಹೀಗೆ ಅವರ ನಂಬರ್ ಹಿಡಿದು. ಆದರೂ ಏನೂ ಇಲ್ಲದ್ದಕ್ಕಿಂತ ಎಸ್‌ಎಂಎಸ್ ಎಷ್ಟೋ ವಾಸಿ. ನನ್ನ ತಕರಾರು ಬೇರೆ. ದುಡ್ಡು ಕೊಟ್ಟು ಸೆಕ್ಯುರಿಟಿ ಕೀ (ಕೋಡ್ ಬದಲು ಲಾಗಿನ್‌ಗೆ ಬಳಸುವ ಪುಟ್ಟ ಸಾಧನ) ತಂದು, ಲಾಗಿನ್ ಪುಟದಲ್ಲಿ "ಬೇರೆ ವಿಧಾನ ಬಳಸಿ" ಅನ್ನುವ ಕಡೆ ಎಸ್‌ಎಂಎಸ್ಸನ್ನು ಹಾಗೇ ಬಿಟ್ಟರೆ ಕಳ್ಳ ಆರಿಸಿಕೊಳ್ಳುವುದು ಅದನ್ನೇ.

ಇನ್ನು ಎಷ್ಟೇ ಒಳ್ಳೆ ಆ್ಯಪ್ ಇರಲಿ, ನಕಲಿ ಲಾಗಿನ್ ಪುಟದಲ್ಲಿ ನೀವೇ ಕೋಡ್ ಟೈಪ್ ಮಾಡಿದರೆ ಅದೇನು ಮಾಡೀತು? ಆ ಕಡೆಯವರು ಅದೇ ಗಳಿಗೆಯಲ್ಲಿ ಅದನ್ನು ಅಸಲಿ ಪುಟಕ್ಕೆ ಹಾಕಿಬಿಡುತ್ತಾರೆ. "ನೀವೇನಾ?" ಅಂತ ಬರುವ ನೋಟಿಫಿಕೇಶನ್ ಕಥೆಯೂ ಅಷ್ಟೇ. 2022ರಲ್ಲಿ ಊಬರ್ ಕಂಪನಿಗೆ ನುಗ್ಗಿದವರು ಅದರ ಒಬ್ಬ ಗುತ್ತಿಗೆದಾರನಿಗೆ ಇಂಥ ನೋಟಿಫಿಕೇಶನ್‌ಗಳನ್ನು ಒಂದೇ ಸಮನೆ ಕಳಿಸಿದರು. ಕೊನೆಗೆ ಆತ ಒಂದಕ್ಕೆ ಒಪ್ಪಿಗೆ ಒತ್ತಿಬಿಟ್ಟ. ನೀವು ಲಾಗಿನ್ ಮಾಡುತ್ತಿಲ್ಲದಾಗ ಅದು ಬಂತು ಅಂದರೆ ನಿಮ್ಮ ಪಾಸ್‌ವರ್ಡ್ ಆಗಲೇ ಯಾರ ಕೈಗೋ ಸಿಕ್ಕಿರಬಹುದು. ಇಲ್ಲ ಅಂತ ಒತ್ತಿ, ತಕ್ಷಣ ಪಾಸ್‌ವರ್ಡ್ ಬದಲಿಸಿ.

ಈಗ ಪಾಸ್‌ಕೀ ಬಂದಿದೆ, ಪಾಸ್‌ವರ್ಡ್ ಬದಲು ನಿಮ್ಮ ಸಾಧನದಲ್ಲೇ ಇರುವ ಡಿಜಿಟಲ್ ಕೀಲಿ ಅದು. ನಕಲಿ ಪುಟದ ಆಟ ಅದರ ಹತ್ತಿರ ನಡೆಯುವುದಿಲ್ಲ, ಯಾಕಂದರೆ ಅದು ಅಸಲಿ ವೆಬ್‌ಸೈಟ್ ವಿಳಾಸಕ್ಕೇ ಕಟ್ಟಿಕೊಂಡಿರುತ್ತದೆ. ನನಗೆ ಇಷ್ಟವಾಗಿದೆ, ಸಿಕ್ಕ ಕಡೆಯೆಲ್ಲ ಹಾಕಿಕೊಳ್ಳುತ್ತಿದ್ದೇನೆ. ಆದರೆ ಒಂದೇ ಸಾಧನದಲ್ಲಿ ಇಟ್ಟುಕೊಂಡರೆ ಮತ್ತೆ ಅದೇ ಫಜೀತಿ. ಕಂಪ್ಯೂಟರ್‌ನಲ್ಲೋ ಯುಎಸ್‌ಬಿ ಕೀಯಲ್ಲೋ ಇನ್ನೊಂದನ್ನು ಇವತ್ತೇ ಸೇರಿಸಿಬಿಡಿ, ಸೆಟ್ಟಿಂಗ್ಸ್‌ನಲ್ಲಿ ಎರಡು ನಿಮಿಷದ ಕೆಲಸ.