ಮೂಗಿನ ಸಂದಿಯ ಮೂರನೇ ಕಣ್ಣು

ಹೋದ ತಿಂಗಳು ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ಮಿಡ್‌ಬ್ರೈನ್ ಆಕ್ಟಿವೇಷನ್ ಡೆಮೊ ಇತ್ತು. ಮಕ್ಕಳ ನಡುಮೆದುಳು ಎಬ್ಬಿಸಿ, ಕಣ್ಣು ಕಟ್ಟಿಕೊಂಡೇ ಓದುವ ಹಾಗೆ ಮಾಡ್ತೀವಿ ಅನ್ನುವ ಕ್ಲಾಸಿನದು. ಪಕ್ಕದ ಮನೆಯವರು ಬಲವಂತ ಮಾಡಿದರು, ಹೋದೆ. ಕೊನೆಗೆ ಉಪ್ಪಿಟ್ಟು ಇದೆ ಅಂದಿದ್ದರು, ಸುಳ್ಳು ಯಾಕೆ ಹೇಳಲಿ.

ವೇದಿಕೆ ಮೇಲೆ ಹತ್ತು ವರ್ಷದ ಹುಡುಗ, ಕಣ್ಣಿಗೆ ಕಪ್ಪು ಪಟ್ಟಿ. ಕೈಗೊಂದು ಇಸ್ಪೀಟ್ ಎಲೆ ಕೊಟ್ಟರು. ಮೂಸಿದ, ಗದ್ದ ಮೇಲೆತ್ತಿದ, ಎಲೆಯನ್ನು ಎದೆ ಹತ್ತಿರ ಹಿಡಿದ, 'ಕೆಂಪು ಏಳು' ಅಂದ. ಚಪ್ಪಾಳೆ! ಆಮೇಲೆ ಪೇಪರ್ ಕೊಟ್ಟರು, ಗಡಗಡ ಓದತೊಡಗಿದ. ನನಗೆ ನಮ್ಮ ಕಾಲದ ಕಣ್ಣಾಮುಚ್ಚಾಲೆ ನೆನಪಾಯಿತು. ಟವೆಲ್ ಎಷ್ಟೇ ಬಿಗಿಯಾಗಿ ಕಟ್ಟಿದರೂ ಮೂಗಿನ ಪಕ್ಕ ಸಂದಿ ಉಳಿಯುತ್ತಿತ್ತು, ಅದರಲ್ಲೇ ಎಲ್ಲರ ಕಾಲು ನೋಡಿಕೊಂಡು ಹಿಡಿಯುತ್ತಿದ್ದೆವು. ಆಗ ಅದಕ್ಕೆ ಕಳ್ಳಾಟ ಅನ್ನುತ್ತಿದ್ದರು. ಈಗ 20 ಸಾವಿರ ಫೀಸು, ಸರ್ಟಿಫಿಕೇಟ್ ಬೇರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದು ಬರೀ ಮೋಸ ಅಂತ ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಯಾರು ಕೇಳಬೇಕು?

'ಮಕ್ಕಳ ನಡುಮೆದುಳು ಮಲಗಿರುತ್ತೆ, ನಾವು ಎರಡು ದಿನ ಮ್ಯೂಸಿಕ್ ಹಾಕಿ ಎಬ್ಬಿಸ್ತೀವಿ' ಅಂದರು ಕೋಟು ಹಾಕಿದ ಸರ್. ಪಾಪ ನಡುಮೆದುಳು! ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಸಣ್ಣದಾಗುವುದು ಅದರ ದೆಸೆಯಿಂದಲೇ. ಪಕ್ಕದಲ್ಲಿ ಏನಾದರೂ ಸರಿದಾಡಿದರೆ ಕಣ್ಣು ಥಟ್ಟನೆ ಅತ್ತ ತಿರುಗುವುದೂ ಅದರಿಂದಲೇ. ನಮ್ಮನ್ನು ಎಚ್ಚರವಾಗಿಡುವ ಕೆಲಸದಲ್ಲೂ ಅದಕ್ಕೆ ಪಾಲಿದೆ. ಅದು ನಿಜವಾಗಿ ಮಲಗಿಬಿಟ್ಟರೆ ಮಗುವನ್ನು ಕರೆದುಕೊಂಡು ಓಡಬೇಕಾದ್ದು ಕ್ಲಾಸಿಗಲ್ಲ, ಐಸಿಯುಗೆ.

ಪೇಪರ್ ಓದಬೇಕಾದರೆ ಮೊದಲು ಬೆಳಕು ಕಣ್ಣಿನ ಒಳಗೆ ಹೋಗಬೇಕು, ಬೇರೆ ದಾರಿ ಇಲ್ಲ. ಚಿತ್ರ ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಅಲ್ಲಿ ಬೆಳಕು ಹಿಡಿಯುವ ಕೋಶಗಳು 12 ಕೋಟಿ ಮೇಲಿವೆ, ಮೆದುಳಿಗೆ ಹೋಗುವ ನರದ ಎಳೆಗಳು ಮಾತ್ರ ಕಣ್ಣಿಗೆ ಸುಮಾರು 10 ಲಕ್ಷ. ಅದಕ್ಕೇ ರೆಟಿನಾ ಅಲ್ಲಲ್ಲೇ ಸೋಸಿ, ಅಂಚು ಎಲ್ಲಿ, ಬಣ್ಣ ಏನು ಅಂತ ಚುಟುಕಾಗಿ ಸುದ್ದಿ ಕಳಿಸುತ್ತದೆ. ದಾರಿಯಲ್ಲಿ ಎರಡೂ ಕಣ್ಣಿನ ಅರ್ಧದಷ್ಟು ಎಳೆಗಳು ಆ ಕಡೆಯಿಂದ ಈ ಕಡೆಗೆ ದಾಟುತ್ತವೆ, ಸುದ್ದಿ ಮೆದುಳಿನ ಒಳಗಿನ ಥಾಲಮಸ್ ಎಂಬ ಜಂಕ್ಷನ್‌ನಲ್ಲಿ ಗಾಡಿ ಬದಲಿಸಿ ತಲೆಯ ಹಿಂಭಾಗಕ್ಕೆ ಹೋಗುತ್ತದೆ, ಮೇಷ್ಟ್ರು ಮೊಟಕುತ್ತಿದ್ದರಲ್ಲ, ಆ ಜಾಗಕ್ಕೆ. ಅಲ್ಲಿಂದ ಮುಂದೆ ಹೋದಮೇಲೇ ಗೀಟುಗಳು ಅಕ್ಷರವಾಗುವುದು. ಇಷ್ಟೆಲ್ಲ ಬಿಟ್ಟು ಮೂಸಿ ಓದಬಹುದಾದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಸುಮ್ನೆ ಹಾಡು ಹಾಕಿದ್ದರೆ ಸಾಕಿತ್ತು, ಅಲ್ವಾ?

ಅಂಧ ಮಕ್ಕಳ ಶಾಲೆಯಲ್ಲಿ ಯಾಕೆ ಕ್ಲಾಸ್ ಮಾಡಲ್ಲ ಅಂತ ಕೇಳಿದೆ. 'ಅದು ನೆಕ್ಸ್ಟ್ ಲೆವೆಲ್' ಅಂದರು. ಸರಿ, ಎಲೆಯನ್ನು ಹಣೆ ಮೇಲೆ ಹಿಡಿದು ಓದಲಿ ಅಂದೆ. 'ನೆಗೆಟಿವ್ ಎನರ್ಜಿ ಇರೋರು ದಯವಿಟ್ಟು ಹಿಂದೆ ಕೂತ್ಕೊಳ್ಳಿ.'

ಹಿಂದೆ ಹೋಗಿ ಕೂರುವಷ್ಟರಲ್ಲಿ ಕರೆಂಟ್ ಹೋಯಿತು. ಪೇಪರ್ ಓದುತ್ತಿದ್ದ ಹುಡುಗ ನಿಲ್ಲಿಸಿಬಿಟ್ಟ.

'ಯಾಕೋ ಪುಟ್ಟಾ, ಓದು.'

'ಕತ್ಲು ಸರ್, ಕಾಣ್ತಿಲ್ಲ.'

ಕಣ್ಣಿನ ಪಟ್ಟಿ ಕಟ್ಟಿದ ಹಾಗೇ ಇತ್ತು. ಒಬ್ಬರೂ ನಗಲಿಲ್ಲ. ಜನರೇಟರ್ ಶುರುವಾಯಿತು, ನಿಲ್ಲಿಸಿದ ಸಾಲಿನಿಂದಲೇ ಹುಡುಗ ಓದಿದ, ಚಪ್ಪಾಳೆ ಮೊದಲಿಗಿಂತ ಜಾಸ್ತಿ ಬಿತ್ತು. ಪಕ್ಕದ ಮನೆಯವರು ಅಲ್ಲೇ ಅಡ್ವಾನ್ಸ್ ಕೊಟ್ಟರು. ಸರ್ ಐನೂರರ ನೋಟುಗಳನ್ನು ಒಂದೊಂದಾಗಿ ಟ್ಯೂಬ್‌ಲೈಟಿಗೆ ಹಿಡಿದು, ಕನ್ನಡಕ ಏರಿಸಿಕೊಂಡು ನೋಡಿದರು.