ಏಕಸದಸ್ಯ ಸಭೆಯ ಸರ್ವಾನುಮತ

ಪಾಲಿಕೆ ಸಭೆಯೆಂದರೆ ಗದ್ದಲ, ಮೇಯರ್ ಪೀಠದ ಮುಂದೆ ಧರಣಿ, ಪ್ರತಿಗಳನ್ನು ಹರಿದು ತೂರುವ ಸಂಭ್ರಮ ಎಂದು ನಂಬಿದ್ದವರ ಕಣ್ತೆರೆಸಿದ್ದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ). 2020ರ ಸೆಪ್ಟೆಂಬರ್ 10ರಂದು 198 ಸದಸ್ಯರ ಅವಧಿ ಮುಗಿದು ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಿದ ಮೇಲೆ, ಸಭೆಯೊಂದು ಎಷ್ಟು ಪ್ರಶಾಂತವಾಗಿ ನಡೆಯಬಲ್ಲದು ಎಂಬುದು ನಗರಕ್ಕೆ ಮನವರಿಕೆಯಾಯಿತು. ಆಯುಕ್ತರ ಕಚೇರಿಯಿಂದ ಹೊರಟ ಕಡತ ಆಡಳಿತಾಧಿಕಾರಿಯ ಮೇಜನ್ನು ತಲುಪುತ್ತಿತ್ತು. ಅಲ್ಲಿ ಕೋರಂ ಕೊರತೆಯ ಮಾತೇ ಇರಲಿಲ್ಲ, ಏಕೆಂದರೆ ಮೇಯರ್, ಆಡಳಿತ ಪಕ್ಷ, ವಿರೋಧ ಪಕ್ಷದ ನಾಯಕ, ಸ್ಥಾಯಿ ಸಮಿತಿ ಎಲ್ಲವೂ ಒಂದೇ ಕುರ್ಚಿಯಲ್ಲಿ ಕುಳಿತಿರುತ್ತಿದ್ದವು. ಸಹಿ ಬಿದ್ದೊಡನೆ ನಿರ್ಣಯ ಸರ್ವಾನುಮತದಿಂದ ಅಂಗೀಕೃತವಾಗುತ್ತಿತ್ತು. ಸಭಾತ್ಯಾಗ ಮಾಡುವುದಾದರೆ ಆಡಳಿತಾಧಿಕಾರಿಯೇ ಎದ್ದು ಹೋಗಬೇಕಿತ್ತು, ಅದನ್ನು ಸಾಮಾನ್ಯವಾಗಿ ಊಟದ ವಿರಾಮ ಎನ್ನುತ್ತಿದ್ದರು.

ಹೀಗೆಯೇ 2025–26ರ 19,900 ಕೋಟಿ ರೂಪಾಯಿಗೂ ಮೀರಿದ ಬಜೆಟ್ಟನ್ನು ಅಧಿಕಾರಿಗಳೇ ಸಿದ್ಧಪಡಿಸಿ, ಅಧಿಕಾರಿಗಳೇ ಮಂಡಿಸಿದರು. ಅದೇ ಏಪ್ರಿಲ್‌ನಿಂದ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10ರಿಂದ 400 ರೂಪಾಯಿವರೆಗಿನ ಕಸದ ಶುಲ್ಕ ಆಸ್ತಿ ತೆರಿಗೆಯ ಬೆನ್ನೇರಿ ಮನೆಗೆ ಬಂತು. ಹಳೆಯ ಕಾಲವಾಗಿದ್ದರೆ ಯಾರಾದರೊಬ್ಬ ಸದಸ್ಯರು ತಮ್ಮ ವಾರ್ಡಿನ ಕಸದ ಬುಟ್ಟಿಯನ್ನು ತಂದು ಪೌರಸಭಾಂಗಣದಲ್ಲೇ ಸುರಿದು, ಮರುದಿನದ ಪತ್ರಿಕೆಗೆ ಫೋಟೊ ಒದಗಿಸುತ್ತಿದ್ದರು. ಆ ಅನಾಗರಿಕತೆಯಿಂದ ನಾವು ಪಾರಾಗಿದ್ದೇವೆ. (ಕಸ ಮಾತ್ರ ರಸ್ತೆಯ ಮೂಲೆಯಲ್ಲೇ ಇದೆ, ಅದಕ್ಕೆ ಪ್ರತ್ಯೇಕ ಕಡತವಿದೆ.)

ಸಂವಿಧಾನದ 243ಯು ವಿಧಿ, ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆನ್ನುತ್ತದೆ. ಯಾವ ಪಕ್ಷದ ಸರ್ಕಾರವೂ ಇದನ್ನು ಅಲ್ಲಗಳೆದಿಲ್ಲ. ಮೊದಲು ವಾರ್ಡುಗಳನ್ನು ಸರಿಯಾಗಿ ಎಣಿಸೋಣ ಎಂದಿತಷ್ಟೇ. ಬಿಜೆಪಿ ಕಾಲದಲ್ಲಿ 198 ಇದ್ದದ್ದು 243 ಆಯಿತು, ಕಾಂಗ್ರೆಸ್ ಬಂದಾಗ 225ಕ್ಕೆ ಇಳಿಯಿತು. ಗಡಿ ಗುರುತಿಸಿದಾಗ ಮೀಸಲಾತಿ ಪಟ್ಟಿಯ ತಕರಾರು, ಪಟ್ಟಿ ಬಂದಾಗ ನ್ಯಾಯಾಲಯ. ನ್ಯಾಯಾಲಯದಿಂದ ಬರುವಷ್ಟರಲ್ಲಿ ಹೊಸ ಕಾನೂನು. ಕೊನೆಗೆ, 2007ರಲ್ಲಿ ಹುಟ್ಟಿ ಮೊದಲ ಮೂರು ವರ್ಷಗಳನ್ನು ಚುನಾಯಿತ ಸದಸ್ಯರಿಲ್ಲದೆ ಕಳೆದಿದ್ದ ಬಿಬಿಎಂಪಿ, ಕೊನೆಯ ಐದು ವರ್ಷಗಳನ್ನೂ ಹಾಗೆಯೇ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು.

ಅವುಗಳಿಗೆ ಒಟ್ಟು 369 ವಾರ್ಡುಗಳು ನಿಗದಿಯಾದವು. ಒಬ್ಬ ಸದಸ್ಯರೂ ಆಯ್ಕೆಯಾಗದೆಯೇ ಬೆಂಗಳೂರಿನ ಸದಸ್ಯಬಲ ಐದು ವರ್ಷಗಳಲ್ಲಿ ಹತ್ತಿರಹತ್ತಿರ ದುಪ್ಪಟ್ಟಾಗಿತ್ತು.