ಒಡಕು ದನಿಗೆ ಒಡವೆಯ ಬೆಲೆ

ಎಲೆಕ್ಟ್ರಿಕ್ ಗಿಟಾರು, ಅದರ ಆಂಪ್ಲಿಫೈಯರು ಮಾಡಿ ಹೆಸರಾದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಆಂಪ್ಲಿಫೈಯರ್ ಮಾಡಲು ಕೂತ ಮೇಲೆ ಆತನದು ಒಂದೇ ಹಟ, ದನಿ ಒಡೆಯಬಾರದು. ಅದಕ್ಕಾಗಿ ಸರ್ಕ್ಯೂಟನ್ನು ಮತ್ತೆ ಮತ್ತೆ ತಿದ್ದಿದ. ಪಾಪ, ಇವತ್ತು ಜನ ಲಕ್ಷಗಟ್ಟಲೆ ಸುರಿಯುವುದು ಆ ಒಡಕು ದನಿಗೇ!

ಮೊದಮೊದಲು ದನಿಯ ಬಣ್ಣ ತಿದ್ದಲು ಒಂದೇ ಟೋನ್ ಗುಂಡಿ ಇರುತ್ತಿತ್ತು. ಆಮೇಲೆ ಮೇಲಿನ ಸ್ವರಕ್ಕೆ ಟ್ರೆಬಲ್, ಕೆಳಗಿನದಕ್ಕೆ ಬಾಸ್ ಅಂತ ಬೇರೆಯಾದವು. 50ರ ದಶಕದ ಕೊನೆಗೆ ಬಂದ ಫೆಂಡರ್‌ನ ಬಾಸ್‌ಮನ್ ಆಂಪ್ಲಿಫೈಯರ್‌ನಲ್ಲಿ (ಮಾದರಿ 5ಎಫ್6-ಎ) ನಡುವಿನ ಸ್ವರಕ್ಕೆ ಮಿಡ್ಲ್ ಕೂಡ ಇತ್ತು. ಬಾಸ್ ಗಿಟಾರಿಗೆಂದು ಮಾಡಿದ ಪೆಟ್ಟಿಗೆ, 10 ಇಂಚಿನ ನಾಲ್ಕು ಸ್ಪೀಕರು. ಗಿಟಾರಿನವರು ಅದನ್ನೇ ಎತ್ತಿಕೊಂಡರು.

ಲಂಡನ್ನಿನಲ್ಲಿ ಅದು ಬಲು ದುಬಾರಿ. ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಆತನ ಹುಡುಗರು 1962ರಲ್ಲಿ ಆ ಸರ್ಕ್ಯೂಟನ್ನು ಹೆಚ್ಚುಕಮ್ಮಿ ಹಾಗೇ ನಕಲು ಹೊಡೆದರು. ಬಿಡಿ ಭಾಗಗಳು ಮಾತ್ರ ಅಲ್ಲೇ ಸಿಕ್ಕಿದವು. ಈಗ ಅದಕ್ಕೆ 'ಬ್ರಿಟಿಷ್ ಟೋನ್' ಅಂತ ಹೆಸರು. ನಮ್ಮಲ್ಲಿ ಇಂಥದ್ದನ್ನು ಅಡ್ಜಸ್ಟ್ ಮಾಡ್ಕೊಳ್ಳೋದು ಅಂತೀವಿ, ಅಲ್ವಾ?

1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ 1.3 ಕೋಟಿ ಡಾಲರ್‌ಗೆ ಫೆಂಡರನ್ನು ಕೊಂಡಿತು. ಹಳೇ ಫೆಂಡರ್ ಭಕ್ತರ ಲೆಕ್ಕದಲ್ಲಿ ಅವತ್ತೇ ದೇವರು ಗುಡಿ ಬಿಟ್ಟು ಹೋದ. ಅದರ ಹಿಂದಿನ ಡಿಸೆಂಬರಿನಲ್ಲಿ ಬೆಸುಗೆ ಹಾಕಿದ ಕೈಗೆ ಪೂಜೆ. ಫೆಬ್ರವರಿಯಲ್ಲಿ ಹಾಕಿದ್ದು ಅದೇ ಕೈಯಾದರೂ ಚೌಕಾಸಿ.

ನಮ್ಮಜ್ಜನ ರೇಡಿಯೋದಲ್ಲೂ ಈ ಆಂಪ್ಲಿಫೈಯರ್‌ಗಳಂತೆ ವಾಲ್ವ್, ಅಂದರೆ ಗಾಜಿನ ಬುರುಡೆ. ಅದು ಗುಂಯ್ ಅಂದರೆ ಅಜ್ಜ ಅದರ ತಲೆ ಮೇಲೆ ಒಂದು ಬಿಗಿಯುತ್ತಿದ್ದರು. ಈಗಿನ ಕೆಲವು ಡಿಜಿಟಲ್ ಆಂಪ್‌ಗಳಲ್ಲಿ ಆ ಗುಂಯ್ ಸದ್ದನ್ನು ಜಾಸ್ತಿ ಮಾಡಿಕೊಳ್ಳೋಕೂ ಅವಕಾಶ ಇದೆ.

ಗೆಳೆಯನೊಬ್ಬ ಇದೇ ಬಾಸ್‌ಮನ್-ಮಾರ್ಷಲ್ ವಂಶದ ಹಳೇ ಆಂಪ್ ತಂದಿದ್ದಾನೆ. ಹಿಂದಿನ ಹಲಗೆ ಬಿಚ್ಚಿ, ಟಾರ್ಚ್ ಬಿಟ್ಟು, ಸಾಸಿವೆ ಬಣ್ಣದ ಕೆಪಾಸಿಟರ್‌ಗಳನ್ನು ಮೂಲವಿಗ್ರಹದ ಹಾಗೆ ತೋರಿಸಿದ. "ಮುಟ್ಟಬೇಡ ಮಾರಾಯ, ಟೋನ್ ಹೋಗುತ್ತೆ." ನುಡಿಸಿದ್ದು ಮೂರೇ ಕಾರ್ಡ್ (ಸ್ವರಗುಚ್ಛ), ಅದರಲ್ಲಿ ಒಂದು ತಪ್ಪು. ತಪ್ಪಿದ್ದಕ್ಕೆ ಹೊಸ ವಾಲ್ವ್ ಕಾರಣವಂತೆ. ಕುಣಿಯಲಾರದವಳಿಗೆ ನೆಲ ಡೊಂಕು.

"ನಾನೇನೂ ಬೆರೆಸಲ್ಲಪ್ಪ, ಮೂರು ಗುಂಡಿನೂ ಐದಕ್ಕೇ ಇಟ್ಟಿದ್ದೀನಿ. ಶುದ್ಧ ಟೋನ್" ಅಂದ.

ತಮಾಷೆ ಏನಂದ್ರೆ, ಈ ಸರ್ಕ್ಯೂಟಿನಲ್ಲಿ ಎಲ್ಲ ಐದಕ್ಕಿಟ್ಟರೆ ನಡುವಿನ ಸ್ವರಗಳಿಗೆ ದೊಡ್ಡ ಗುಂಡಿ ಬೀಳುತ್ತದೆ. ಬೆರಕೆ ಕಮ್ಮಿ ಬೇಕಾದರೆ ಟ್ರೆಬಲ್ ಸೊನ್ನೆ, ಬಾಸ್ ಸೊನ್ನೆ, ಮಿಡ್ಲ್ ಹತ್ತು. ಹಾಗೆ ಇಟ್ಟು ಕೇಳಿಸಿದೆ. "ಥೂ, ಕೆಡಿಸಿಬಿಟ್ಟೆ" ಅಂತ ಬೈದ.

ಸುಮ್ನೆ ವಾಲ್ಯೂಮನ್ನೇ ಸೊನ್ನೆಗೆ ತಿರುಗಿಸಿದೆ. ಅದು ಸೊನ್ನೆಯಾದರೆ ಗಿಟಾರಿನ ದನಿಯೇ ಹೊರಗೆ ಬರುವುದಿಲ್ಲ. ಉಳಿದದ್ದು ಬರೀ ಗುಂಯ್. ಅವನು ಕಣ್ಣು ಮುಚ್ಚಿ ತಲೆದೂಗಿದ.

"ಕೇಳಿಸ್ತಾ? ಇದು ಕಣೋ ಟೋನ್ ಅಂದ್ರೆ."